ತಾಳಮದ್ದಳೆ ಕ್ಯಾಸೆಟ್ ಡಿಜಿಟಲ್ ಮಾಡ್ಲಿಕ್ಕೆ 24/192 ಬೇಕಾ? ಕೇಳುವವರ ಕಿವಿಗೆ ಅದು ಗೊತ್ತಾಗ್ತದಾ?

ಕದ್ರಿಗುಡ್ಡೆ | ಶನಿವಾರ ರಾತ್ರಿ 9:12

ನಮಸ್ಕಾರ. ಸಂಘದ ಕಪಾಟಿನಲ್ಲಿ 140 ತಾಳಮದ್ದಳೆ ಕ್ಯಾಸೆಟ್ ಉಂಟು, ಹೆಚ್ಚಿನವು ಸಿ-90. ಮಳೆ ಹಿಡಿಯುವ ಮೊದಲು ಕಂಪ್ಯೂಟರಿಗೆ ಹಾಕಿ ಮುಗಿಸಬೇಕು. ಪತ್ತನಾಜೆಯೊಳಗೆ (ಮೇ ಕೊನೆಗೆ ಮೇಳಗಳ ತಿರುಗಾಟ ಮುಗಿಯುವ ದಿನ) ಒಂದು ಬಯಲಾಟದ ನೇರ ರೆಕಾರ್ಡಿಂಗೂ ಆಗಬೇಕು. ಸಮಿತಿಯಲ್ಲಿ ಈಗ ಎರಡು ಪಕ್ಷ. ಒಂದು ಪಕ್ಷದ ವಾದ, ಮಾಡುವುದಾದರೆ 24 ಬಿಟ್ 192 ಕಿಲೋಹರ್ಟ್ಜಿನಲ್ಲೇ ಮಾಡಬೇಕು, ಇಲ್ಲದಿದ್ದರೆ ಚೆಂಡೆಯ ಪೆಟ್ಟಿನ ಜೀವ ಹೋಗ್ತದೆ ಅಂತ. ಇನ್ನೊಂದು ಪಕ್ಷಕ್ಕೆ ಸಿಡಿಯ 16/44.1 ಧಾರಾಳ ಸಾಕು, ಅದರ ಮೇಲಿನದ್ದೆಲ್ಲ ಬಾವಲಿಗೆ.

ಲೆಕ್ಕ ಹೀಗುಂಟು: ಒಟ್ಟು 210 ಗಂಟೆ. 16/44.1 ಆದರೆ 133 ಜಿಬಿ, 24/96 ಆದರೆ 435 ಜಿಬಿ, 24/192 ಆದರೆ 870 ಜಿಬಿ. ಮೂರು ಪ್ರತಿ ಇಡಬೇಕು ಅಂದರೆ ಖಜಾಂಚಿಯವರು ಎದ್ದೇ ಹೋಗ್ತಾರೆ. ಕೊನೆಗೆ ಕೇಳುವವರಿಗೆ ಈ ವ್ಯತ್ಯಾಸ ನಿಜವಾಗಿ ಕೇಳ್ತದಾ? ನಂಬಿಕೆ ಬೇಡ, ಆಧಾರ ಬೇಕು.

ಮಲ್ಪೆ ಮೋನೋ | 9:15

ಬಾವಲಿಗಳು ತಾಳಮದ್ದಳೆಗೆ ಬರುವುದುಂಟು. ವಂತಿಗೆ ಕೊಡುವುದಿಲ್ಲ ಅಷ್ಟೆ.

ಸೋಲ್ಡರ್ ಭಟ್ರು | 9:31

ಎರಡು ಬೇರೆ ಪ್ರಶ್ನೆಗಳನ್ನು ಒಂದೇ ಚೀಲಕ್ಕೆ ತುಂಬಿದ್ದೀರಿ. ರೆಕಾರ್ಡ್ ಮಾಡುವಾಗ ಎಷ್ಟು ಬೇಕು ಎಂಬುದು ಒಂದು, ಕೇಳುವವರ ಕೈಗೆ ಕೊಡುವಾಗ ಎಷ್ಟು ಬೇಕು ಎಂಬುದು ಇನ್ನೊಂದು.

ಬಿಟ್ ಅಂದರೆ ಅತಿ ಮೆಲ್ಲನೆಯ ಶಬ್ದಕ್ಕೂ ಅತಿ ಜೋರಿನ ಶಬ್ದಕ್ಕೂ ನಡುವಿನ ಅಂತರ. ಒಂದು ಬಿಟ್‌ಗೆ 6 ಡೆಸಿಬೆಲ್ (ಡಿಬಿ). 16 ಬಿಟ್‌ಗೆ 96 ಡಿಬಿ. 24 ಬಿಟ್‌ಗೆ ಕಾಗದದ ಮೇಲೆ 144 ಡಿಬಿ. ಒಳ್ಳೆಯ ಡ್ಯಾಕ್‌ಗಳೂ (ಅಂಕಿಗಳನ್ನು ಮರಳಿ ಸದ್ದಿನ ಅಲೆ ಮಾಡುವ ಚಿಪ್) ನಿಜದಲ್ಲಿ 120 ಡಿಬಿ ಆಸುಪಾಸಿಗೆ ನಿಲ್ತವೆ, ಅಂದರೆ 20 ಬಿಟ್. ಉಳಿದ ನಾಲ್ಕು ಬಿಟ್ ಅದರದ್ದೇ ಗುಂಯ್ ಸದ್ದು. ಫ್ಯಾನ್ ತಿರುಗುವ ಕೋಣೆಯಲ್ಲಿ ಯಾರೂ ಮಾತಾಡದಿದ್ದರೂ 40 ಡಿಬಿ ಇರ್ತದೆ. ಸ್ಪೀಕರನ್ನು 100 ಡಿಬಿಗೆ ಏರಿಸಿದರೂ ಸಿಗುವ ಜಾಗ 60 ಡಿಬಿ, ಅಂದರೆ 10 ಬಿಟ್. ಕೇಳುವವರಿಗೆ 24 ಬಿಟ್ ಎಂತಕ್ಕೆ?

ರೆಕಾರ್ಡ್ ಮಾಡುವಾಗ ಮಾತು ಬೇರೆ. ಬಯಲಾಟದಲ್ಲಿ ಚೆಂಡೆ ಯಾವಾಗ ಎಷ್ಟು ಏರ್ತದೆ ಅಂತ ಮೊದಲೇ ಗೊತ್ತಿರುವುದಿಲ್ಲ. 20 ಡಿಬಿ ಜಾಗ ಬಿಟ್ಟು ಲೆವೆಲ್ ಇಟ್ಟರೆ 16 ಬಿಟ್‌ನಲ್ಲಿ ಉಳಿಯುವುದು 76 ಡಿಬಿ. 24 ಬಿಟ್‌ನಲ್ಲಿ ಅಷ್ಟೇ ಜಾಗ ಬಿಟ್ಟರೂ ನಿಜದ 120ರಲ್ಲಿ 100 ಡಿಬಿ ಕೈಯಲ್ಲಿ ಉಂಟು. ಹಾಗಾಗಿ ರೆಕಾರ್ಡಿಂಗ್ 24 ಬಿಟ್, ಅದರಲ್ಲಿ ಚರ್ಚೆಯೇ ಬೇಡ.

ಮಣಿಪಾಲ 96 | 9:44

ಭಟ್ರ ಮಾತಿಗೆ ಸಣ್ಣ ತಿದ್ದುಪಡಿ. ಫ್ಯಾನಿನ 40 ಡಿಬಿ ಹೆಚ್ಚಾಗಿ ಕೆಳಗಿನ ಸ್ವರಗಳಲ್ಲಿ ಇರುವುದು. 3-4 ಕಿಲೋಹರ್ಟ್ಜಿನಲ್ಲಿ ಕಿವಿ ಬಹಳ ಚುರುಕು, ಅಲ್ಲಿ ಫ್ಯಾನಿನ ಸದ್ದು ಕಡಿಮೆ. ಹಾಗಾಗಿ 40 ಡಿಬಿಯ ಕೋಣೆಯಲ್ಲೂ ಅದಕ್ಕಿಂತ ಮೆಲ್ಲನೆಯ ಹಿಸ್ ಕೇಳಬಹುದು. 10 ಬಿಟ್ ಅನ್ನುವುದು ತೀರಾ ಕಂಜೂಸಿ ಲೆಕ್ಕ. 13-14 ಅನ್ನಿ. ಆದರೂ 16ರ ಒಳಗೇ ಬಂತು. ನಾಯ್ಸ್ ಶೇಪಿಂಗ್ ಇರುವ ಡಿದರ್ (ಬಿಟ್ ಇಳಿಸುವಾಗ ಬೇಕೆಂದೇ ಸೇರಿಸುವ ಸಣ್ಣ ಹಿಸ್, ಅದನ್ನು ಕಿವಿ ಮಂದ ಇರುವ ಸ್ವರಗಳ ಕಡೆ ತಳ್ಳಿದ್ದು) ಹಾಕಿದರೆ 16 ಬಿಟ್‌ನ ಹಿಸ್ ಕಿವಿಗೆ ಇನ್ನೂ ಕೆಳಗೆ ಹೋಗ್ತದೆ.

ಚಕ್ರತಾಳ | 9:58

ಎಲ್ಲರೂ ಬಿಟ್‌ನ ಹಿಂದೆ ಬಿದ್ದಿರಿ. ಸ್ಯಾಂಪಲ್ ರೇಟಿನ, ಅಂದರೆ ಸೆಕೆಂಡಿಗೆ ಎಷ್ಟು ಸಲ ಸದ್ದು ಅಳೆಯುವುದು ಎಂಬುದರ, ಸುದ್ದಿ ಯಾರು ಮಾತಾಡುವುದು? ಮೂರು ಮಾತು ಹೇಳ್ತೇನೆ.

ಯಕ್ಷಗಾನದ ಚಕ್ರತಾಳ ಕಂಚಿನದ್ದು. ಅದರ ಸದ್ದು 20 ಕಿಲೋಹರ್ಟ್ಜಿಗೆ ಬಂದು ನಿಲ್ಲುವುದಿಲ್ಲ, ಮೇಲೆ ಹೋಗ್ತಾ ಇರ್ತದೆ. 44.1ರಲ್ಲಿ ಹಿಡಿದರೆ ಅದರ ಅರ್ಧ, 22.05ರ ಮೇಲಿನದ್ದು ಪೂರ್ತಿ ಕತ್ತರಿ.

ಎರಡನೆಯದು, ಎಡ ಕಿವಿ ಬಲ ಕಿವಿಯ ನಡುವೆ 10 ಮೈಕ್ರೋಸೆಕೆಂಡ್ ವ್ಯತ್ಯಾಸ ಇದ್ದರೂ ಮನುಷ್ಯನಿಗೆ ದಿಕ್ಕು ಗೊತ್ತಾಗ್ತದೆ. ಸಿಡಿಯ ಎರಡು ಸ್ಯಾಂಪಲ್ಲಿನ ನಡುವೆ 22.7 ಮೈಕ್ರೋಸೆಕೆಂಡ್. ಲೆಕ್ಕ ನೀವೇ ಹಾಕಿ.

ಮೂರನೆಯದು ಪುರಾವೆ. ಲಂಡನ್ನಿನ ಕ್ವೀನ್ ಮೇರಿ ವಿಶ್ವವಿದ್ಯಾಲಯದ ಜೋಶುವಾ ರೈಸ್ 2016ರಲ್ಲಿ 18 ಪ್ರಯೋಗಗಳನ್ನು ಒಟ್ಟು ಸೇರಿಸಿ ಲೆಕ್ಕ ಹಾಕಿದ್ದಾರೆ. 400ಕ್ಕೂ ಹೆಚ್ಚು ಜನ, 12,500ಕ್ಕೂ ಹೆಚ್ಚು ಟ್ರಯಲ್. ಹೈ-ರೆಸ್, ಅಂದರೆ ಸಿಡಿಗಿಂತ ಮೇಲಿನ ಅಂಕಿಯ ಸದ್ದು, ಗುರುತಿಸುವ ಶಕ್ತಿ ಮನುಷ್ಯರಿಗೆ ಉಂಟು ಅಂತಲೇ ಬಂದದ್ದು.

ಕುಂದಾಪ್ರ ಕೆಮಿ | 10:02

ಹ್ವಾಯ್, ಬಡಗಿಗೆ ಚಕ್ರತಾಳ ಇಲ್ಲ ಮರಾಯ್ರೆ. ತೆಂಕಿನ ಸುದ್ದಿಯನ್ನ ಇಡೀ ಯಕ್ಷಗಾನದ ತಲೆಗೆ ಕಟ್ಬೇಡಿ.

ಚಕ್ರತಾಳ | 10:04

ಆಯ್ತು ಮಾರಾಯ್ರೆ, ತೆಂಕುತಿಟ್ಟಿನ ಚಕ್ರತಾಳ. ಬಡಗಿನ ತಾಳಕ್ಕೂ ಅದೇ ಮಾತು.

ಮಣಿಪಾಲ 96 | 10:26

ಮೂರನ್ನೂ ಒಂದೊಂದಾಗಿ ನೋಡುವ.

22.7 ಮೈಕ್ರೋಸೆಕೆಂಡಿನ ವಾದ ತಪ್ಪು, ಎಲ್ಲ ಕಡೆ ಓಡಾಡುವ ತಪ್ಪು. ಸ್ಯಾಂಪಲ್ ನಡುವಿನ ಸಮಯ ಬೇರೆ, ಸಮಯದ ಸೂಕ್ಷ್ಮತೆ ಬೇರೆ. 1 ಕಿಲೋಹರ್ಟ್ಜಿನ ಒಂದು ಅಲೆಯನ್ನು 5 ಮೈಕ್ರೋಸೆಕೆಂಡ್ ಮುಂದೆ ಸರಿಸಿ ನೋಡಿ. ಸ್ಯಾಂಪಲ್ ತೆಗೆಯುವ ಜಾಗ ಬದಲಾಗುವುದಿಲ್ಲ, ಆದರೆ ಅಲ್ಲಿ ಸಿಗುವ ಅಂಕಿ ಬದಲಾಗ್ತದೆ. ಡ್ಯಾಕ್ ಆ ಅಂಕಿಗಳಿಂದ ಅಲೆಯನ್ನು ಮರಳಿ ಕಟ್ಟುವಾಗ ಸರಿಯಾಗಿ 5 ಮೈಕ್ರೋಸೆಕೆಂಡ್ ಸರಿದೇ ಬರ್ತದೆ. ಮೆಟ್ಟಿಲು ಮೆಟ್ಟಿಲಾಗಿ ತೋರಿಸುವ ಚಿತ್ರ ಜಾಹೀರಾತಿನಲ್ಲಿ ಮಾತ್ರ ಇರುವುದು. ಸಿಡಿ ಎಡ-ಬಲದ ನಡುವೆ 10 ಮೈಕ್ರೋಸೆಕೆಂಡಿಗಿಂತ ಎಷ್ಟೋ ಸಣ್ಣ ವ್ಯತ್ಯಾಸವನ್ನೂ ಇಟ್ಟುಕೊಳ್ತದೆ.

ಕಂಚಿನ ತಾಳದ ಸದ್ದು 20ರ ಮೇಲೆ ಹೋಗುವುದು ಸತ್ಯ. ಆದರೆ ಅದು ನಿಮ್ಮವರೆಗೆ ಬರಬೇಕಲ್ಲ? ಬಯಲಾಟದ ಮೈಕುಗಳು ಹೆಚ್ಚಿನವು 15-16ರ ನಂತರ ಕೆಳಗಿಳಿಯುತ್ತವೆ. ಮೇಲಿನ ಸ್ವರಗಳನ್ನು ಗಾಳಿಯೂ ಹೀರಿಕೊಳ್ತದೆ, ದೂರ ಹೋದ ಹಾಗೆ ಹೆಚ್ಚು. ಮತ್ತೆ ನಡುವಯಸ್ಸು ದಾಟಿದವರಿಗೆ 14-15ರ ಮೇಲೆ ಕೇಳುವುದೇ ಕಷ್ಟ. ಸಮಿತಿಯ ಸದಸ್ಯರ ವಯಸ್ಸು ಕೇಳುವುದಿಲ್ಲ.

ಇನ್ನು ಗಾಮೆಲಾನ್ ಸುದ್ದಿಯೂ ಬರುವ ಮೊದಲು ನಾನೇ ಹೇಳ್ತೇನೆ. ಜಪಾನಿನ ಓಹಾಶಿಯವರ ತಂಡ ಬಾಲಿಯ ಕಂಚಿನ ಗಾಮೆಲಾನ್ ವಾದ್ಯಗಳ ಧ್ವನಿಮುದ್ರಣ ಕೇಳಿಸಿ, ಕಿವಿಗೆ ಕೇಳದ ಮೇಲಿನ ಸ್ವರಗಳಿಂದ ಮಿದುಳಿನ ಅಲೆ ಬದಲಾಗ್ತದೆ ಅಂತ 2000ದಲ್ಲಿ ಬರೆದರು. ಮರು ವರ್ಷ ಅಶಿಹಾರ ಮತ್ತು ಕಿರ್ಯು 22 ಕಿಲೋಹರ್ಟ್ಜಿನ ಮೇಲಿನ ಸ್ವರಗಳನ್ನು ಆರು ಬೇರೆ ಬೇರೆ ಸ್ಪೀಕರಿಗೆ ಹಂಚಿ ಕೇಳಿಸಿದರು. ಯಾರಿಗೂ ಕೇಳಲಿಲ್ಲ. ಒಂದೇ ಸ್ಪೀಕರಿನಲ್ಲಿ ಹಾಕಿದರೆ ಆ ಸ್ವರಗಳು ಒಂದಕ್ಕೊಂದು ಬೆರೆತು ಕೆಳಗೆ, ಕೇಳುವ ಜಾಗದಲ್ಲಿ ಹೊಸ ಸದ್ದು ಹುಟ್ಟುತ್ತದೆ. 30 ಮತ್ತು 33 ಕಿಲೋಹರ್ಟ್ಜ್ ಒಟ್ಟಿಗೆ ಹೋದರೆ 3 ಕಿಲೋಹರ್ಟ್ಜ್ ಬರ್ತದೆ. ಅದು ಸಂಗೀತ ಅಲ್ಲ, ಆಂಪ್ಲಿಫೈಯರ್ ಮತ್ತು ಟ್ವೀಟರಿನ ದೋಷ. 192ರ ಫೈಲು ಬೇರೆ ತರ ಕೇಳಿದರೆ ಅದು ಒಳ್ಳೆಯದಾಗಿದೆ ಅಂತ ಅರ್ಥ ಅಲ್ಲ.

ಸೋಲ್ಡರ್ ಭಟ್ರು | 10:33

ರೈಸ್ ಅವರ ಲೆಕ್ಕವನ್ನು ಪೂರ್ತಿ ಹೇಳಿ ಚಕ್ರತಾಳರೆ. ಸರಿ ಉತ್ತರ ಒಟ್ಟು 52.3%. ನಾಣ್ಯ ಚಿಮ್ಮಿದರೆ 50%.

ಚಕ್ರತಾಳ | 10:41

ಪೂರ್ತಿ ನೀವೂ ಹೇಳಿ! ಕೇಳುವ ಅಭ್ಯಾಸ ಮಾಡಿಸಿದ ಪ್ರಯೋಗಗಳಲ್ಲಿ ಅದು ಸುಮಾರು 60%ಕ್ಕೆ ಏರ್ತದೆ. ಅದು ಆಕಸ್ಮಿಕ ಅಲ್ಲ. ತಾಳಮದ್ದಳೆಗೆ ಹೊಸಬ ಬಂದರೆ ಅರ್ಥಧಾರಿಯ ಸೂಕ್ಷ್ಮ ಗೊತ್ತಾಗ್ತದಾ? ಕೇಳಿ ಕೇಳಿ ಗೊತ್ತಾಗುವುದು.

ಮತ್ತೆ ನೀವೆಲ್ಲ ಎತ್ತಿ ಹಿಡಿಯುವ 2007ರ ಮೆಯರ್-ಮೊರಾನ್ ಪರೀಕ್ಷೆ ಉಂಟಲ್ಲ, 554ರಲ್ಲಿ 276 ಸರಿ ಅಂತ, ಅದರಲ್ಲಿ ಬಳಸಿದ ಎಸ್‌ಎಸಿಡಿಗಳಲ್ಲಿ (ಹೈ-ರೆಸ್ ತಟ್ಟೆ) ಎಷ್ಟು ನಿಜವಾದ ಹೈ-ರೆಸ್ ಮೂಲದಿಂದ ಬಂದದ್ದು ಅಂತಲೇ ಖಾತ್ರಿ ಇಲ್ಲ. ಮೂಲದಲ್ಲೇ ಮೇಲಿನ ಸ್ವರ ಇಲ್ಲದಿದ್ದರೆ ವ್ಯತ್ಯಾಸ ಎಲ್ಲಿಂದ ಕೇಳಬೇಕು?

ಸೋಲ್ಡರ್ ಭಟ್ರು | 10:52

ಆ ಆಕ್ಷೇಪ ಒಪ್ಪತಕ್ಕದ್ದೇ. ಆದರೆ ಆ ಇಬ್ಬರು ಇನ್ನೊಂದು ಮಾತೂ ಬರೆದಿದ್ದಾರೆ: ಎಸ್‌ಎಸಿಡಿಗಳು ಸಾಮಾನ್ಯ ಸಿಡಿಗಿಂತ ಚೆನ್ನಾಗಿ ಕೇಳ್ತಿದ್ದವು. ಕಾರಣ ಅದರ ಅಂಕಿ ಅಲ್ಲ, ಅದನ್ನು ತಯಾರಿಸಿದ ಎಂಜಿನಿಯರ್ ಹೆಚ್ಚು ಜಾಗ್ರತೆ ವಹಿಸಿದ್ದು. ಅದೇ ಸದ್ದನ್ನು 16/44.1ಕ್ಕೆ ಇಳಿಸಿ ಕೇಳಿಸಿದಾಗ ಯಾರಿಗೂ ಗೊತ್ತಾಗಲಿಲ್ಲ. ಇದೇ ಇಡೀ ಗಲಾಟೆಯ ಬೇರು. ಅಂಗಡಿಯಲ್ಲಿ ಒಂದೇ ಹಾಡಿನ ಸಿಡಿ ಮತ್ತು ಹೈ-ರೆಸ್ ಎರಡನ್ನೂ ಕೇಳಿಸಿ "ನೋಡಿ ವ್ಯತ್ಯಾಸ" ಅಂತಾರೆ. ಎರಡೂ ಬೇರೆ ಮಾಸ್ಟರ್, ಅಂದರೆ ಎಂಜಿನಿಯರ್ ಬೇರೆ ಬೇರೆಯಾಗಿ ತಯಾರಿಸಿದ ಪ್ರತಿ. ಒಂದನ್ನು ಜೋರಾಗಿ ಕೇಳಲಿ ಅಂತ ಒತ್ತಿ ಚಪ್ಪಟೆ ಮಾಡಿದ್ದು, ಇನ್ನೊಂದನ್ನು ಒತ್ತಿಲ್ಲ. ವ್ಯತ್ಯಾಸ ಕೇಳುವುದು ಸತ್ಯ, ಕಾರಣ ಹೇಳುವುದು ಸುಳ್ಳು.

ಸಿಡಿಯ ಹಳೆಯ ಅಪಕೀರ್ತಿಗೂ ಕಾರಣ ಉಂಟು. 1982-83ರ ಪ್ಲೇಯರುಗಳಲ್ಲಿ ಕೆಲವು ಕಡಿದಾದ ಅನಲಾಗ್ ಫಿಲ್ಟರ್ ಹಾಕ್ತಿದ್ದವು. ಆಗ ಕೂತ ಅಭಿಪ್ರಾಯ ಈಗಲೂ ಎದ್ದಿಲ್ಲ.

ಕದ್ರಿಗುಡ್ಡೆ | 10:58

ಸರಿ, ಹಾಗಾದರೆ ಸಮಿತಿಯವರಿಗೇ ಒಂದು ಪರೀಕ್ಷೆ ಇಡುವುದು ಹೇಗೆ? ಹಂತ ಹಂತವಾಗಿ ಹೇಳಿ. ಯಾರೂ ಆಮೇಲೆ "ಮೋಸ" ಅನ್ನಬಾರದು.

ಮಣಿಪಾಲ 96 | 11:24

ಎಬಿಎಕ್ಸ್ ಮಾಡಿ. ಎ, ಬಿ ಎರಡು ಗೊತ್ತಿರುವ ಫೈಲು, ಎಕ್ಸ್ ಆ ಎರಡರಲ್ಲಿ ಯಾವುದೋ ಒಂದು. ಎಕ್ಸ್ ಯಾವುದು ಅಂತ ಹೇಳಬೇಕು. ವಿಂಡೋಸ್‌ನಲ್ಲಿ ಫೂಬಾರ್2000ಕ್ಕೆ ಇದರ ಉಚಿತ ಪ್ಲಗಿನ್ ಉಂಟು.

ಮೊದಲು ಒಂದು ನಿಜವಾದ 24/96 ಫೈಲು ಹುಡುಕಿ. ಸ್ಪೆಕ್ ಎಂಬ ತಂತ್ರಾಂಶದಲ್ಲಿ ತೆರೆದು ಚಿತ್ರ ನೋಡಿ. 22ರಲ್ಲಿ ಗೋಡೆ ಕಟ್ಟಿದ ಹಾಗೆ ನಿಂತಿದ್ದರೆ ಅದು ಸಿಡಿಯನ್ನೇ ಉಬ್ಬಿಸಿ ಮಾರಿದ್ದು. 16ರಲ್ಲಿ ನಿಂತಿದ್ದರೆ ಎಂಪಿ3ಯ ಮೊಮ್ಮಗ. ದುಡ್ಡು ಕೊಟ್ಟು ತೆಗೆದ ಫೈಲುಗಳಲ್ಲೂ ಇಂಥದ್ದು ಸಿಗ್ತದೆ.

ಮತ್ತೆ ಸಾಕ್ಸ್ ಎಂಬ ತಂತ್ರಾಂಶದಲ್ಲಿ ಅದನ್ನು ಅತ್ಯುತ್ತಮ ಗುಣಮಟ್ಟದ ರೇಟ್ ಆಯ್ಕೆಯಲ್ಲಿ 44.1ಕ್ಕೆ ಇಳಿಸಿ, ಡಿದರ್ ಹಾಕಿ 16 ಬಿಟ್ ಮಾಡಿ. ಆಮೇಲೆ ಅದನ್ನೇ ಮರಳಿ 24/96ಕ್ಕೆ ಏರಿಸಿ. ಯಾಕೆ ಏರಿಸುವುದು? ಡ್ಯಾಕ್ 96ರಿಂದ 44.1ಕ್ಕೆ ಬದಲಾಗುವಾಗ ಟಿಕ್ ಅಂತದೆ ಅಥವಾ ಅರೆಕ್ಷಣ ಮೌನ ಆಗ್ತದೆ. ಕಿವಿ ಸಂಗೀತ ಬಿಟ್ಟು ಆ ಟಿಕ್ ಹಿಡ್ಕೊಳ್ತದೆ. ಏರಿಸಿದರೆ ಎರಡೂ ಒಂದೇ ರೇಟ್, ಸಿಡಿ ಗುಣಮಟ್ಟದಲ್ಲಿ ಹೋದದ್ದು ಮಾತ್ರ ಹೋಗಿರ್ತದೆ.

ಹೆಚ್ಚಿನವರು ಎಡವುವುದು ಲೆವೆಲ್‌ನಲ್ಲಿ. ರೇಟ್ ಬದಲಿಸುವಾಗ ತುದಿಗಳು 0 ಡಿಬಿ ದಾಟಿ ಕ್ಲಿಪ್ ಆಗಬಹುದು ಅಂತ 1 ಡಿಬಿ ತಗ್ಗಿಸ್ತಾರೆ, ಆದರೆ ಮೂಲ ಫೈಲನ್ನು ತಗ್ಗಿಸುವುದಿಲ್ಲ. ಆಗ ಮೂಲವೇ ಜೋರು. ಸ್ವಲ್ಪ ಜೋರಿರುವುದನ್ನು ಕಿವಿ "ಜೋರು" ಅನ್ನುವುದಿಲ್ಲ, "ಸ್ಪಷ್ಟ, ತೆರೆದ ಹಾಗೆ ಉಂಟು" ಅಂತದೆ. ಎರಡಕ್ಕೂ ಅದೇ 1 ಡಿಬಿ ತಗ್ಗಿಸಿ, ವ್ಯತ್ಯಾಸ 0.1 ಡಿಬಿಯೊಳಗೆ ಇರಲಿ.

ಫೂಬಾರ್‌ನಲ್ಲಿ ವಸಾಪಿ ಎಕ್ಸ್‌ಕ್ಲೂಸಿವ್ ಔಟ್‌ಪುಟ್ ಆಯ್ಕೆ ಮಾಡಿ. ಇಲ್ಲದಿದ್ದರೆ ವಿಂಡೋಸ್ ತನ್ನ ರೇಟಿಗೆ ಎಲ್ಲವನ್ನೂ ಬದಲಿಸ್ತದೆ, ನೀವು ಪರೀಕ್ಷೆ ಮಾಡುವುದು ವಿಂಡೋಸನ್ನು. ರೀಪ್ಲೇಗೇನ್ (ಜೋರನ್ನು ತಾನೇ ಬದಲಿಸುವ ಆಯ್ಕೆ), ಈಕ್ವಲೈಜರ್ ಬಂದ್.

ಟ್ರಯಲ್ 16 ಅಂತ ಮೊದಲೇ ಗೊತ್ತು ಮಾಡಿ, ನಡುವೆ ಅಂಕ ನೋಡುವಂತಿಲ್ಲ, ಚೆನ್ನಾಗಿ ಬಂದಾಗ ನಿಲ್ಲಿಸುವಂತಿಲ್ಲ. 12 ಅಥವಾ ಹೆಚ್ಚು ಸರಿ ಬರೇ ಅದೃಷ್ಟದಿಂದ ಬರುವ ಸಂಭವ 3.8%. 13ಕ್ಕೆ 1.1%, 14ಕ್ಕೆ 0.2%. ಸಮಿತಿಯಲ್ಲಿ 26 ಜನ ಕೂತರೆ ಏನೂ ಕೇಳದಿದ್ದರೂ ಸರಾಸರಿ ಒಬ್ಬರಿಗೆ 12 ಬರ್ತದೆ ಅಂತ ಇಟ್ಟುಕೊಳ್ಳಿ. ಹಾಗೆ ಬಂದವರನ್ನು ಇನ್ನೊಮ್ಮೆ ಕೂರಿಸಿ.

ಮಲ್ಪೆ ಮೋನೋ | 11:27

ಹಾಗೆ 12 ಬಂದವರು ಮುಂದಿನ ವರ್ಷ ಅಧ್ಯಕ್ಷರು.

ಕುಂದಾಪ್ರ ಕೆಮಿ | 11:30

ಮೊದ್ಲು ಫ್ಯಾನ್ ಬಂದ್ ಮಾಡಿ ಕೇಣಿ. ಖರ್ಚಿಲ್ದೆ ಸಿಗು ಹೈ-ರೆಸ್ ಅದೊಂದೇ.

ರಥಬೀದಿ | ಭಾನುವಾರ ಬೆಳಿಗ್ಗೆ 7:40

ಮಾರುವ ಕಡೆಯ ವಿಷಯ ಸ್ವಲ್ಪ. ಡಬ್ಬಿಯ ಮೇಲಿನ ಚಿನ್ನದ ಬಣ್ಣದ ಹೈ-ರೆಸ್ ಗುರುತು ಜಪಾನ್ ಆಡಿಯೋ ಸೊಸೈಟಿಯದ್ದು. ಸ್ಪೀಕರ್, ಇಯರ್‌ಫೋನಿಗೆ ಮುಖ್ಯ ಷರತ್ತು 40 ಕಿಲೋಹರ್ಟ್ಜಿನವರೆಗೆ ಸದ್ದು ಕೊಡಬೇಕು ಅಂತ. ಕೆಳಗಿನ ಸ್ವರ ಹೇಗೆ ಕೇಳ್ತದೆ ಅಂತ ಅದು ಹೇಳುವುದಿಲ್ಲ. ಗುರುತು ಇರುವ ಇಯರ್‌ಫೋನಿನಲ್ಲಿ ಭಾಗವತರ ಪದ ಕೊಡಪಾನದೊಳಗಿಂದ ಬಂದ ಹಾಗೆ ಕೇಳುವುದೂ ಉಂಟು.

ಬ್ಲೂಟೂತ್ ಹಾಕಿದರೆ ಕತೆ ಅಲ್ಲಿಗೇ ಮುಗೀತು. ಬ್ಲೂಟೂತಿನಲ್ಲಿ ಸದ್ದು ಕುಗ್ಗಿಸಿ ಕಳಿಸುವ ವಿಧಾನಗಳಲ್ಲಿ ಎಸ್‌ಬಿಸಿಗೆ ಸೆಕೆಂಡಿಗೆ 328 ಕಿಲೋಬಿಟ್, ಎಲ್‌ಡ್ಯಾಕ್‌ಗೆ ಹೆಚ್ಚೆಂದರೆ 990. ಎಲ್‌ಡ್ಯಾಕ್ 24/96 ಅಂತ ತೋರಿಸಿದರೂ ಅದು ಕಡಿತ ಮಾಡಿಯೇ ಕಳಿಸುವುದು, ಸಿಗ್ನಲ್ ಕಡಿಮೆ ಆದರೆ 660ಕ್ಕೆ, 330ಕ್ಕೆ ಇಳೀತದೆ. ಸಿಡಿಗೇ 1,411 ಬೇಕು. ಐಫೋನಿನಲ್ಲಿ 48ರ ಮೇಲಿನದ್ದು ಬೇಕಾದರೆ ಹೊರಗಿನ ಡ್ಯಾಕ್ ಹಾಕಬೇಕು. ಆಪಲ್‌ನದೇ ಸಣ್ಣ ಡಾಂಗಲ್ 24/48ಕ್ಕೆ ನಿಲ್ತದೆ. ಆಂಡ್ರಾಯ್ಡ್ ಫೋನುಗಳು ಸಾಮಾನ್ಯವಾಗಿ ಎಲ್ಲವನ್ನೂ 48ಕ್ಕೆ ಬದಲಿಸಿ ಕೊಡ್ತವೆ. ಯೂಟ್ಯೂಬಿಗೆ ನೀವು 192 ಏರಿಸಿದರೂ ಅದು ಮತ್ತೆ ಕಡಿತ ಮಾಡಿ ಓಪಸ್ ಅಥವಾ ಎಎಸಿ ಫೈಲು ಮಾಡ್ತದೆ. ವಾಟ್ಸ್ಯಾಪ್ ವಾಯ್ಸ್ ನೋಟಿನ ಸುದ್ದಿ ಎತ್ತುವುದೇ ಬೇಡ. ಸಂಘದ ರೆಕಾರ್ಡಿಂಗ್ ಕೇಳುವವರಲ್ಲಿ 100ಕ್ಕೆ ಎಷ್ಟು ಜನ ತಂತಿ ಹಾಕಿ ಕೇಳ್ತಾರೆ?

ಹಳೇ ಕ್ಯಾಸೆಟ್ | 8:25

ನಿನ್ನೆ ರಾತ್ರಿಯಿಂದ ಓದ್ತಾ ಇದ್ದೇನೆ. ಪೊಕ್ಕಡೆ ಜಗಳ. ಮೂಲ ಎಂತದ್ದು? ಕ್ಯಾಸೆಟ್! ಸೆಕೆಂಡಿಗೆ 4.76 ಸೆಂಟಿಮೀಟರ್ ಓಡುವ ಟೇಪು. ಸಾಮಾನ್ಯ ಟೈಪ್ 1 ಟೇಪಿನಲ್ಲಿ ಹಿಸ್ ತಗ್ಗಿಸುವ ಡಾಲ್ಬಿ ಇಲ್ಲದಿದ್ದರೆ 50 ಡಿಬಿ ಆಸುಪಾಸು, ಅಂದರೆ 8-9 ಬಿಟ್. ಮೇಲೆ 12-14 ಕಿಲೋಹರ್ಟ್ಜ್ ಸಿಕ್ಕಿದರೆ ಪುಣ್ಯ. ಸಭೆಯಲ್ಲಿ ಸಣ್ಣ ಟೇಪ್‌ರೆಕಾರ್ಡರ್ ಇಟ್ಟು ಹಿಡಿದದ್ದಾದರೆ 8ಕ್ಕೇ ಮುಗೀತದೆ. ಅದರ ಮೇಲೆ 192 ಹಾಕುವುದು ತಿಳಿಸಾರು ಬಡಿಸ್ಲಿಕ್ಕೆ ಕಡಾಯಿ ತಂದ ಹಾಗೆ.

ನಿಜವಾಗಿ ಕಿವಿಗೆ ಕೇಳುವ ವ್ಯತ್ಯಾಸ ಕೊಡುವುದು ಹೆಡ್ಡಿನ ಆಜಿಮತ್. ಹೆಡ್ಡಿನ ಸೀಳು ಟೇಪಿಗೆ ಸರಿಯಾಗಿ 90 ಡಿಗ್ರಿ ಇರಬೇಕು. ಪ್ರತಿ ಕ್ಯಾಸೆಟನ್ನು ಬೇರೆ ಬೇರೆ ಮೆಷಿನ್ನಿನಲ್ಲಿ ಹಿಡಿದದ್ದು, ಆ ಮೆಷಿನ್ನುಗಳ ಹೆಡ್ಡು ಎಷ್ಟು ಓರೆ ಇತ್ತೋ ಟೇಪಿನಲ್ಲೂ ಅಷ್ಟೇ ಓರೆ ಉಂಟು. ನಿಮ್ಮ ಡೆಕ್ಕಿನ ಹೆಡ್ಡಿನ ಪಕ್ಕ ಸ್ಪ್ರಿಂಗಿನ ಮೇಲೆ ಒಂದು ಸ್ಕ್ರೂ ಇರ್ತದೆ. ಔಟ್‌ಪುಟನ್ನು ಮೋನೋ ಮಾಡಿ ಹೆಡ್‌ಫೋನಿನಲ್ಲಿ ಕೇಳ್ತಾ ಅದನ್ನು ಕಾಲು ಸುತ್ತಿನೊಳಗೆ ಆಚೆ ಈಚೆ ತಿರುಗಿಸಿ. ತಾಳದ ಸದ್ದು, "ಸ", "ಶ" ಎಲ್ಲಿ ಅತಿ ಚುರುಕಾಗಿ ಕೇಳ್ತದೋ ಅಲ್ಲಿ ನಿಲ್ಲಿಸಿ. ಸ್ಟೀರಿಯೋದಲ್ಲಿ ಕೇಳಿದರೆ ಇದು ಅಷ್ಟು ಗೊತ್ತಾಗುವುದಿಲ್ಲ, ಮೋನೋದಲ್ಲಿ ಪರದೆ ಸರಿಸಿದ ಹಾಗೆ ಆಗ್ತದೆ. ಪ್ರತಿ ಕ್ಯಾಸೆಟಿಗೂ ಮಾಡಬೇಕು, ಕೆಲವಕ್ಕೆ ಎ ಬದಿಗೂ ಬಿ ಬದಿಗೂ ಬೇರೆ ಬೇರೆ. ಸ್ಕ್ರೂಡ್ರೈವರ್ ಕಾಂತ ಹಿಡಿದದ್ದಾಗಿರಬಾರದು. ಮೊದಲಿನ ಜಾಗಕ್ಕೆ ಮಾರ್ಕರಿನಲ್ಲಿ ಗೆರೆ ಹಾಕಿಡಿ.

ತಾಳಮದ್ದಳೆ ಕ್ಯಾಸೆಟ್ ಹೆಚ್ಚಾಗಿ ಮೋನೋ ಮೆಷಿನ್ನಿನದ್ದು. ಆದರೂ ಸ್ಟೀರಿಯೋ ಹಿಡಿಯಿರಿ. ಎರಡು ಚಾನೆಲಿನಲ್ಲೂ ಒಂದೇ ಮಾತು, ಹಿಸ್ ಮಾತ್ರ ಬೇರೆ ಬೇರೆ. ಆಮೇಲೆ ಆಡಾಸಿಟಿಯಲ್ಲಿ ಹಿಗ್ಗಿಸಿ ಅಲೆಗಳು ಒಂದರ ಕೆಳಗೊಂದು ಸರಿ ಕೂತಿವೆಯಾ ನೋಡಿ, ಕೂತಿದ್ದರೆ ಸೇರಿಸಿ. ಹಿಸ್ 3 ಡಿಬಿ ಕಡಿಮೆ. ಆಜಿಮತ್ ತಪ್ಪಿದ್ದು ಸೇರಿಸಿದರೆ ಮೇಲಿನ ಸ್ವರ ಮಾಯ.

ಡಾಲ್ಬಿ ಬಟನ್: ಲೇಬಲ್ಲಿನಲ್ಲಿ ಬರೆದಿಲ್ಲದಿದ್ದರೆ ಬಂದ್. ಡಾಲ್ಬಿ ಇಲ್ಲದ ಟೇಪನ್ನು ಡಾಲ್ಬಿಯಲ್ಲಿ ಹಾಕಿದರೆ ಮಬ್ಬಾಗ್ತದೆ, ಮತ್ತೆ ಸರಿ ಮಾಡ್ಲಿಕ್ಕೆ ಕಷ್ಟ. ಆಟಿಕೆ ತರದ ಯುಎಸ್‌ಬಿ ಕ್ಯಾಸೆಟ್ ಪ್ಲೇಯರ್ ಬೇಡವೇ ಬೇಡ, ರಾಗ ಅಲುಗಾಡ್ತದೆ. ಲ್ಯಾಪ್‌ಟಾಪಿನ ಮೈಕ್ ತೂತಿಗೆ ಹಾಕುವುದೂ ಬೇಡ, ಅದು ಮೋನೋ, ಲೈನ್ ಲೆವೆಲಿಗೆ ಒಡೀತದೆ. ಡೆಕ್ಕಿನ ಸದ್ದನ್ನು ಕಂಪ್ಯೂಟರಿಗೆ ಕೊಡುವ, ಫೋಕಸ್‌ರೈಟ್ ಸ್ಕಾರ್ಲೆಟ್ ತರದ ಒಂದು ಇಂಟರ್‌ಫೇಸ್ ಸಾಕು; ಲೈನ್ ಇನ್‌ಪುಟ್, ಇನ್‌ಸ್ಟ್ರುಮೆಂಟ್ ಸ್ವಿಚ್ ಬಂದ್, ಅತಿ ಜೋರಿಗೆ ಮೈನಸ್ 12ರಿಂದ ಮೈನಸ್ 6 ಡಿಬಿ.

ಸೋಲ್ಡರ್ ಭಟ್ರು | 8:41

ಚಿನ್ನದಂಥ ಮಾತು. ಒಂದು ಸೇರಿಸ್ತೇನೆ: ಸ್ಪೀಡ್. ಬ್ಯಾಟರಿ ಇಳಿದ ರೆಕಾರ್ಡರಿನಲ್ಲಿ ಹಿಡಿದದ್ದು ಈಗ ಹಾಕಿದರೆ ಬೇಗ ಓಡ್ತದೆ, ಭಾಗವತರ ಶ್ರುತಿ ಏರ್ತದೆ. ಮೂಲದಲ್ಲಿ ಕರೆಂಟಿನ ಹಮ್ ಬಿದ್ದಿದ್ದರೆ ಸ್ಪೆಕ್ಟ್ರಂ ನೋಡಿ. 50 ಹರ್ಟ್ಜ್ ಇರಬೇಕಾದ್ದು 51ರಲ್ಲಿ ಇದ್ದರೆ 2% ಬೇಗ ಓಡ್ತಾ ಉಂಟು ಅಂತ ಲೆಕ್ಕ.

ಹಳೇ ಕ್ಯಾಸೆಟ್ | 8:55

ಭಟ್ರೆ, ಅದು ಪುಸ್ತಕದಲ್ಲಿ ಸರಿ, ನಮ್ಮಲ್ಲಿ ಕೈ ಕೊಡ್ತದೆ. 80-90ರ ದಶಕದಲ್ಲಿ ನಮ್ಮ ಗ್ರಿಡ್ 50ರಲ್ಲಿ ನಿಲ್ತಾ ಇರಲಿಲ್ಲ, ಸಂಜೆ ಲೋಡ್ ಏರಿದಾಗ 48ಕ್ಕೂ ಇಳೀತಿತ್ತು. ಅದೇ 4% ತಪ್ಪು. ಅದಲ್ಲದೆ ನಿಮ್ಮ ಡೆಕ್ಕಿನದೇ ಹಮ್ ಈಗಿನ 50ರಲ್ಲಿ ಸೇರಿರ್ತದೆ. ಪಾಜ್ ಒತ್ತಿ ನೋಡಿ, ಉಳಿದ ಹಮ್ ಡೆಕ್ಕಿನದ್ದು. ಸ್ಪೀಡಿಗೆ ಶ್ರುತಿಪೆಟ್ಟಿಗೆಯನ್ನೇ ನಂಬಿ, ಅದೇ ಭಾಗವತರ ಬೇರೆ ರೆಕಾರ್ಡಿಂಗಿಗೆ ಹೋಲಿಸಿ. ತಿದ್ದುವಾಗ ಸ್ಪೀಡ್ ಬದಲಿಸುವ ಆಯ್ಕೆ ಬಳಸಿ. ಪಿಚ್ ಮಾತ್ರ ಬದಲಿಸುವ ಆಯ್ಕೆ ಬಳಸಿದರೆ ಚೆಂಡೆಯ ಪೆಟ್ಟು ಒದ್ದೆ ಬಟ್ಟೆ ಒಗೆದ ಹಾಗೆ ಕೇಳ್ತದೆ. ಮೂಲ ಪ್ರತಿಯಲ್ಲಿ ಎಂತದ್ದೂ ತಿದ್ದಬೇಡಿ, ತಿದ್ದುವುದೆಲ್ಲ ನಕಲಿನಲ್ಲಿ.

ಸೋಲ್ಡರ್ ಭಟ್ರು | 8:57

ಗ್ರಿಡ್ಡಿನ ವಿಷಯ ತಲೆಗೆ ಬರಲಿಲ್ಲ. ಒಪ್ಪಿದೆ.

ಚಕ್ರತಾಳ | 9:10

ಹಾಗಾದರೆ ಹಳೇ ಕ್ಯಾಸೆಟರೆ, 16/44.1 ಸಾಕು ಅಂತ ನೀವೂ ಹೇಳುವುದಾ? ಧ್ವನಿ ಸಂಗ್ರಹಾಲಯಗಳ ಅಂತರರಾಷ್ಟ್ರೀಯ ಸಂಘಟನೆ ಐಎಎಸ್‌ಎಯ ಟಿಸಿ-04 ಮಾರ್ಗಸೂಚಿಯಲ್ಲಿ ಅನಲಾಗ್ ಮೂಲಕ್ಕೆ ಕನಿಷ್ಠ 48 ಕಿಲೋಹರ್ಟ್ಜ್, 24 ಬಿಟ್ ಅಂತ ಉಂಟು. 96ನ್ನೂ ಅವರು ಹೇಳ್ತಾರೆ.

ಹಳೇ ಕ್ಯಾಸೆಟ್ | 9:22

ಇಲ್ಲ, ಮೂಲ ಪ್ರತಿ 24/96 ಮಾಡಿ ಅಂತಲೇ ಹೇಳುವುದು. ಕೇಳ್ತದೆ ಅಂತ ಅಲ್ಲ. ಟಿಕ್, ಕ್ಲಿಕ್ ತೆಗೆಯುವ ತಂತ್ರಾಂಶಗಳಿಗೆ ಮೇಲಿನ ಜಾಗದಲ್ಲಿ ಕ್ಲಿಕ್ ಒಂಟಿಯಾಗಿ ಕಾಣ್ತದೆ, ಅಲ್ಲಿ ಮಾತಿಲ್ಲ ಹಾಡಿಲ್ಲ. ಹಿಡಿಯುವುದು ಸುಲಭ. ಮತ್ತೆ ಕ್ಯಾಸೆಟ್ ಎರಡನೇ ಸಲ ಓಡುವ ಗ್ಯಾರಂಟಿ ಇಲ್ಲ. ಆದರೆ 192ಕ್ಕೆ ಯಾವ ಕಾರಣವೂ ಇಲ್ಲ. ಟೇಪಿನ ಬಯಾಸ್ ಸಿಗ್ನಲ್ (ರೆಕಾರ್ಡ್ ಮಾಡುವಾಗ ಸದ್ದಿನ ಜೊತೆ ಸೇರಿಸುವ, ಕಿವಿಗೆ ಕೇಳದ ಮೇಲಿನ ಸ್ವರ) ಹಿಡಿದು ಸ್ಪೀಡ್ ಅಲುಗಾಟ ಸರಿ ಮಾಡ್ತೇವೆ ಅಂತ ಕೆಲವರು ಹೇಳ್ತಾರೆ; ಅದಕ್ಕೆ ಬೇರೆಯೇ ಹೆಡ್ಡು, ಬೇರೆಯೇ ಪ್ರೀಆಂಪ್ ಬೇಕು. ಮನೆಯ ಡೆಕ್ಕಿನಿಂದ ಆಗುವ ಕೆಲಸ ಅಲ್ಲ.

ಸೋಲ್ಡರ್ ಭಟ್ರು | 9:35

ಬಯಲಾಟಕ್ಕೂ ಎರಡು ಮಾತು. 24/48 ಧಾರಾಳ ಸಾಕು. 32 ಬಿಟ್ ಫ್ಲೋಟ್ ರೆಕಾರ್ಡರ್ ತಂದರೆ ಲೆವೆಲ್ ನೋಡಬೇಕಾಗಿಲ್ಲ ಅಂತಾರೆ, ಅದು ಅರ್ಧ ಸತ್ಯ. ಫೈಲು ಒಡೆಯುವುದಿಲ್ಲ, ಆದರೆ ಮೈಕಿನ ಕ್ಯಾಪ್ಸೂಲೇ ಒಡೆದರೆ ಫ್ಲೋಟ್ ಎಂತ ಮಾಡ್ತದೆ? ರೆಕಾರ್ಡರಿನ ವಿವರದಲ್ಲಿ ಗರಿಷ್ಠ ಎಷ್ಟು ಡಿಬಿ ಎಸ್‌ಪಿಎಲ್ (ಮೈಕ್ ತಡೆಯುವ ಸದ್ದಿನ ಜೋರು) ಅಂತ ನೋಡಿ. ಸಣ್ಣವುಗಳಲ್ಲಿ ಸಾಮಾನ್ಯವಾಗಿ 120. ಚೆಂಡೆಯ ಪಕ್ಕ ಇಡಬೇಡಿ, ರಂಗಸ್ಥಳದ ಎದುರು ಮೂರು ನಾಲ್ಕು ಮೀಟರ್ ದೂರ, ಗಾಳಿಗೆ ಫೋಮ್ ಅಲ್ಲ, ರೋಮದ ಕವಚ. ಧ್ವನಿವರ್ಧಕದವರ ಮಿಕ್ಸರಿನಿಂದ ಲೈನ್ ತೆಗೆದರೆ ಜನರೇಟರಿನ ಬುರ್ರ್ ಬರ್ತದೆ, ನಡುವೆ ಐಸೊಲೇಶನ್ ಟ್ರಾನ್ಸ್‌ಫಾರ್ಮರ್ ಹಾಕಿ.

ಫೈಲಿನ ಗಾತ್ರ ಮರೆಯಬೇಡಿ. ಸಾಮಾನ್ಯ ವೇವ್ ಫೈಲಿಗೆ 4 ಜಿಬಿ ಮಿತಿ. 24/192 ಸ್ಟೀರಿಯೋದಲ್ಲಿ 62 ನಿಮಿಷಕ್ಕೆ ತುಂಬ್ತದೆ, 24/96ರಲ್ಲಿ 124 ನಿಮಿಷ, 24/48ರಲ್ಲಿ ನಾಲ್ಕು ಗಂಟೆ. ಒಳ್ಳೆಯ ರೆಕಾರ್ಡರ್ ತಾನೇ ಮುಂದಿನ ಫೈಲಿಗೆ ಹೋಗ್ತದೆ. ಕಂಪ್ಯೂಟರಿನಲ್ಲಿ ಹಿಡಿಯುವವರು ಆ ಮಿತಿ ಇಲ್ಲದ ಆರ್‌ಎಫ್64 ಆಯ್ಕೆ ಮಾಡಿ. ಮಹಿಷಾಸುರ ಪ್ರವೇಶ ಮಾಡುವಾಗ 62 ನಿಮಿಷ ತುಂಬಿದರೆ ಗತಿ ಎಂತ?

ಮಲ್ಪೆ ಮೋನೋ | 9:37

ಅವನನ್ನು ಇನ್ನೊಮ್ಮೆ ದೊಂದಿ ಹಿಡಿದು ಬಾ ಅನ್ನುವುದು.

ನಿರ್ವಾಹಕ | 9:50

ಚರ್ಚೆ ಚೆನ್ನಾಗಿದೆ. ಹಳೆಯ ಡೆಕ್ ಮಾರುವ ಬರಹಗಳನ್ನು ಇಲ್ಲಿ ಹಾಕಬೇಡಿ, ಎರಡು ತೆಗೆದಿದ್ದೇನೆ.

ಕದ್ರಿಗುಡ್ಡೆ | 10:15

ಎಲ್ಲರಿಗೂ ಧನ್ಯವಾದ. ಮೂಲ ಪ್ರತಿ 24/96 ಫ್ಲ್ಯಾಕ್ (ಏನೂ ಕಳೆಯದೆ ಗಾತ್ರ ಇಳಿಸುವ ಫೈಲು), ಕೇಳುವವರಿಗೆ 16/44.1, ಬಯಲಾಟ 24/48. ಸಮಿತಿಗೆ ಎಬಿಎಕ್ಸ್ 16 ಟ್ರಯಲ್, ಫ್ಯಾನ್ ಬಂದ್. 192ರ ಪಕ್ಷದವರು ಒಪ್ಪಿದ್ದಾರೆ, ಸೋತರೆ ಚಹಾ ಅವರದ್ದು.

ಈಗ ಇನ್ನೊಂದು ತೊಂದರೆ: ಎಂಟು ಹತ್ತು ಕ್ಯಾಸೆಟಿನಲ್ಲಿ ಬಿಳಿ ಬೂಸ್ಟು ಹಿಡಿದಿದೆ. ಮೂರರಲ್ಲಿ ಟೇಪನ್ನು ಹೆಡ್ಡಿಗೆ ಒತ್ತುವ ಸಣ್ಣ ಫೆಲ್ಟ್ ಬಿದ್ದು ಹೋಗಿದೆ. ಹಾಕಬಹುದಾ?

ಹಳೇ ಕ್ಯಾಸೆಟ್ | 10:31

ಬೂಸ್ಟು ಇರುವುದನ್ನು ಹಾಗೇ ಹಾಕಬೇಡಿ. ಒಂದು ಹಾಕಿದರೆ ಹೆಡ್ಡಿನಿಂದ ಉಳಿದ 130ಕ್ಕೂ ಹರಡ್ತದೆ. ಮೊದಲು ಬೇರೆ ಡಬ್ಬಿಗೆ ತೆಗೆಯಿರಿ, ಸಿಲಿಕಾ ಜೆಲ್ ಹಾಕಿ ಒಂದು ವಾರ ಒಣಗಲಿ. ಆಮೇಲೆ ಮಾಸ್ಕ್ ಹಾಕಿ ಹೊರಗೆ ಜಗಲಿಯಲ್ಲಿ ಕೂತು ಮೆತ್ತನೆಯ ಕುಂಚದಲ್ಲಿ ಸುರುಳಿಯ ಬದಿ ಉಜ್ಜಿ. ಹಾಳಾದರೂ ಚಿಂತೆ ಇಲ್ಲದ ಬೇರೊಂದು ಡೆಕ್ಕಿನಲ್ಲಿ ನಿಧಾನ ಒಮ್ಮೆ ಮುಂದೆ, ಒಮ್ಮೆ ಹಿಂದೆ ಸುತ್ತಿ. ಪ್ರತಿ ಸಲ ಹೆಡ್ಡನ್ನು 99% ಐಸೋಪ್ರೊಪೈಲ್ ಆಲ್ಕೋಹಾಲಿನಲ್ಲಿ ಒರೆಸಿ. ಇವನ್ನು ಕೊನೆಗೆ ಇಟ್ಟುಕೊಳ್ಳಿ.

ಫೆಲ್ಟ್ ಬಿದ್ದದ್ದಕ್ಕೆ ಚಿಪ್ಪು ಬದಲಿಸುವುದೇ ಒಳ್ಳೆಯದು. ಐದು ಸ್ಕ್ರೂ ಇರುವ ಖಾಲಿ ಕ್ಯಾಸೆಟ್ ತೆಗೊಳ್ಳಿ, ಎರಡೂ ಸುರುಳಿ ಒಟ್ಟಿಗೆ ಎತ್ತಿ ಇಡಿ. ಎ ಬದಿ ಮೇಲೆ ಇರಲಿ. ಅಂಟಿಸಿ ಮುಚ್ಚಿದ ಚಿಪ್ಪಾದರೆ ಅಂಚಿನಲ್ಲಿ ಬ್ಲೇಡ್ ತೂರಿಸಿ ಸೀಳಬೇಕು. ಟೇಪು ಮುಟ್ಟುವ ಮೊದಲು ಕೈ ತೊಳೆಯಿರಿ.

ಮಲ್ಪೆ ಮೋನೋ | 10:33

ಚಹಾದ ಜೊತೆ ಗೋಳಿಬಜೆ ಇದ್ದರೆ ಕೈ ಎರಡು ಸಲ ತೊಳೆಯಿರಿ.